ಅತ್ತೆಯ ಸೂಜಿ, ಹಿಡಿ ಜೋಳ

ನಮ್ಮ ಅತ್ತೆಗೆ ದೇವರಲ್ಲಿ ವಿಶ್ವಾಸ ಕಡಿಮೆ ಎಂದು ಹೇಳುವವರು ಈಗಲೂ ಇದ್ದಾರೆ. ಹೇಳಲಿ. ಅವರ ಬಾಯಿಗೆ ಬೀಗ ಹಾಕಲು ನಾನು ಹೋಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುವ ಬಾಯಿ ನನಗೂ ಇದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನನಗೆ ನಾಲಿಗೆ ಉದ್ದ ಎಂಬ ಹೆಸರು ಅಂಟಿಕೊಂಡಿದೆ. ಇರುವ ಹೆಸರನ್ನು ಒಮ್ಮೆಯಾದರೂ ಒಳ್ಳೆಯದಕ್ಕೆ ಬಳಸಬೇಕಲ್ಲ.

ಹರಪನಹಳ್ಳಿಯಿಂದ ತೆಲಿಗಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಮೆಕ್ಕೆಜೋಳದ ಹೊಲಗಳ ಅಂಚಿಗೆ ತಗಡು ಹೊದಿಸಿದ ಒಂದು ಪ್ರಾರ್ಥನಾ ಮನೆ, ಅದಕ್ಕೊಬ್ಬ ಪಾಸ್ಟರ್. ಅವರ ಹತ್ತಿರ ಒಂದು ಹಳೇ ಮೊಪೆಡ್. ಕೊಟ್ಟೂರಿನಲ್ಲಿ ಯಾರಿಗೋ ಜ್ವರ, ಇಟ್ಟಿಗಿಯಲ್ಲಿ ಯಾರೋ ತೀರಿಕೊಂಡರು ಎಂದರೆ ಅದನ್ನೇ ತುಳಿದು ಹೊರಡುತ್ತಾರೆ. ಅವರಿಗೆ ಸಂಬಳ ಎಂಬುದಿಲ್ಲ. ನಮ್ಮ ಹೆಂಗಸರ ಹಿಡಿ ಜೋಳವೇ ಅವರ ಮನೆಯ ರೊಟ್ಟಿ.

ಹಿಡಿ ಜೋಳವೆಂದರೆ ಇಷ್ಟೇ. ಅಡುಗೆಗೆ ಕೈ ಹಾಕುವ ಮುಂಚೆ ಒಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ಬೇರೆ ಡಬ್ಬಿಗೆ ಹಾಕುವುದು, ಭಾನುವಾರ ಅದನ್ನು ತಂದು ಪ್ರಾರ್ಥನಾ ಮನೆಯ ಮೂಲೆಯಲ್ಲಿರುವ ಚೀಲಕ್ಕೆ ಸುರಿಯುವುದು. ಯಾರು ಎಷ್ಟು ತಂದರು ಎಂದು ಯಾರೂ ಇಣುಕುವುದಿಲ್ಲ. ಹೊಸ ಸೊಸೆಯಾಗಿದ್ದಾಗ ನಾನೊಮ್ಮೆ ಜಾಣತನ ತೋರಿಸಿ ಹುಳ ಹಿಡಿದ ಜೋಳವನ್ನು ಆ ಡಬ್ಬಿಗೆ ಹಾಕಿದ್ದೆ. ಅತ್ತೆ ಅದನ್ನು ನನ್ನ ಮುಂದೆಯೇ ಮೊರಕ್ಕೆ ಸುರಿದು, "ಇದನ್ನ ನೀ ಉಣ್ಣು. ಹೆಣ ಎತ್ತಾಕ, ಹೆರಿಗಿಗೆ ಓಡಾಕ ನಮ್ಮ ಜೋಡಿ ಎದ್ದು ಬರೋ ಮನುಷ್ಯಾಗ ಛಲೋದು ಕೊಡು" ಎಂದರು. ದೇವರ ಸೇವೆಗೆ ಆಸರೆಯಾಗುವುದು ಹೇಗೆ ಎಂಬುದರ ಬಗ್ಗೆ ನಾನು ಕಲಿತ ಪಾಠ ಅದೊಂದೇ. ಅದಕ್ಕಿಂತ ದೊಡ್ಡದು ಇನ್ನೂ ಸಿಕ್ಕಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ಕಾಲಿನ ಒಂದು ಬೆರಳು ಈಗಾಗಲೇ ಹೋಗಿದೆ. ಬೆಳಗ್ಗೆ, ಸಂಜೆ ಊಟಕ್ಕೆ ಮುಂಚೆ ಸೂಜಿ ಚುಚ್ಚಿಕೊಳ್ಳಲೇಬೇಕು. ತಪ್ಪಿಸಿದರೆ ಮುಂದಿನ ಸಲ ಪಾದ, ಅದರ ಮುಂದೆ ಜೀವ ಎಂದು ಹರಪನಹಳ್ಳಿಯ ಡಾಕ್ಟರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದರು.

ಇಂಥಾ ಹೊತ್ತಿನಲ್ಲಿ ಊರೂರು ತಿರುಗಿ ದೇವರ ವಾಕ್ಯ ಹೇಳುವ ಒಬ್ಬ ಪ್ರಸಂಗಿ ಹೊರಗಿನಿಂದ ಬಂದರು. ಹರಪನಹಳ್ಳಿ ಪೇಟೆಯ ಹೊರಗೆ ಶಾಮಿಯಾನ, ಕಿವಿ ಗಡಚಿಕ್ಕುವ ಸ್ಪೀಕರು, ಬಿಳಿ ಕಾರು. ಹಡಗಲಿ, ಕೂಡ್ಲಿಗಿ ಕಡೆಯಿಂದೆಲ್ಲ ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ನಾನು ಸಂಡೇ ಸ್ಕೂಲ್ ಮಕ್ಕಳಿಗೆ ಸುಳ್ಳು ಬೋಧಕರ ಪಾಠ ಮಾಡುವಾಗ ಕುರಿಯ ತೊಗಲು ಹೊದ್ದ ತೋಳದ ಚಿತ್ರ ಬರೆದು, ತೊಗಲಿನ ಸಂದಿಯಿಂದ ಇಷ್ಟುದ್ದ ಹಲ್ಲು ಇಳಿಬಿಟ್ಟಿದ್ದೆ. ಈ ಮನುಷ್ಯನಿಗೆ ಅಂಥಾ ಹಲ್ಲು ಎಲ್ಲಿಯೂ ಕಾಣಲಿಲ್ಲ. ಚೆನ್ನಾಗಿ ಹಾಡಿದರು, ಪ್ರಾರ್ಥನೆಯಲ್ಲಿ ಅತ್ತರು, ನನ್ನನ್ನೂ ಅಳಿಸಿದರು.

ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಮಾತಿನ ದಾರಿ ತಿರುಗಿತು. "ಹಿಡಿ ಕಾಳು ಕೊಡುವುದು ಭಿಕ್ಷುಕರಿಗೆ! ನಿಮ್ಮ ದೇವರು ಭಿಕ್ಷುಕನೇ?" ಎಂದು ಕೇಳಿದರು. ನಮ್ಮ ಪಾಸ್ಟರ್ ಅಲ್ಲೇ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಬಂತು ಇನ್ನೊಂದು. "ಮಾತ್ರೆಯನ್ನು ನಂಬುವವರು ದೇವರನ್ನು ನಂಬಿಲ್ಲ. ನಾಳೆ ಸಂಜೆ ನಿಮ್ಮ ಮಾತ್ರೆ, ನಿಮ್ಮ ಸೂಜಿ ತಂದು ಈ ವೇದಿಕೆಯ ಮೇಲೆ ಇಡಿ. ಬಿಡುಗಡೆ ತೆಗೆದುಕೊಂಡು ಹೋಗಿ."

ಅಂದು ಸಂಜೆ ಅತ್ತೆ ಸೂಜಿ ಮುಟ್ಟಲಿಲ್ಲ. ಮರುದಿನ ಬೆಳಗ್ಗೆಯೂ ಇಲ್ಲ. ನಾನು ಸೂಜಿ ಹಿಡಿದು ಎದುರಿಗೆ ನಿಂತರೆ, "ನಿನ್ನ ವಿಶ್ವಾಸ ನಿನ್ನ ಹತ್ರ ಇಟ್ಕ. ನಂದಕ್ಕ ಅಡ್ಡ ಬರಬ್ಯಾಡ" ಎಂದುಬಿಟ್ಟರು. ಪಾಸ್ಟರನ್ನು ಕರೆಸಿದೆ. ಅವರು, "ಯವ್ವಾ, ಸೂಜೀನೂ ದೇವರು ಕೊಟ್ಟದ್ದ ಐತಿ, ತಗೋರಿ" ಎಂದು ಮೆಲ್ಲಗೆ ಹೇಳಿ, ಪ್ರಾರ್ಥಿಸಿ ಹೋದರು. ಅವರ ಮೆತ್ತಗಿನ ಮಾತಿಗೆ ನನಗೆ ಸಿಟ್ಟು ಬಂತು. ನನ್ನ ಗಂಡನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು, ಯಾಕೆಂದರೆ ಅವರು ಎರಡೂ ಕಡೆ ತಲೆಯಾಡಿಸುತ್ತಿದ್ದರು. ಅತ್ತೆ ಮಾತ್ರ ತಂಬಿಗೆಗಟ್ಟಲೆ ನೀರು ಕುಡಿಯುತ್ತಾ, ಗೋಡೆ ಹಿಡಿದು ನಡೆಯುತ್ತಾ ಇದ್ದರು.

ಅವತ್ತು ಮಧ್ಯಾಹ್ನ ಆ ಪ್ರಸಂಗಿಯ ಊಟ ನಮ್ಮ ಮನೆಯಲ್ಲೇ ಏರ್ಪಾಡಾಗಿತ್ತು. ದೇವರ ಸೇವಕರು ಯಾರೇ ಬರಲಿ, ಒಂದು ಹೊತ್ತಿನ ಊಟಕ್ಕೆ ಅತ್ತೆ ಕರೆಯದೆ ಬಿಟ್ಟವರಲ್ಲ. ತಲೆ ಸುತ್ತುತ್ತಿದ್ದರೂ ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸಿದರು. ಪ್ರಸಂಗಿ ಬಂದರು, ಚಾಪೆಯ ಮೇಲೆ ಕೂತರು. ಹೋಳಿಗೆ ಬಡಿಸಲು ಹೋದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ಬೇಡ ತಾಯಿ, ಸಿಹಿಯನ್ನು ಕರ್ತನಿಗಾಗಿ ಬಿಟ್ಟಿದ್ದೇನೆ."

ನನ್ನ ಗಂಡ ಅಡುಗೆಮನೆಗೆ ಬಂದು, "ನೋಡಲೇ, ಎಂಥಾ ಸಂಯಮ! ಹೋಳಿಗಿ ಅಂದ್ರ ನಾವು ಬಿಡ್ತೀವೇನು?" ಎಂದರು. ಪ್ರಸಂಗಿ ಚಹಾಕ್ಕೂ ಸಕ್ಕರೆ ಬೇಡ ಎಂದಾಗ ನನಗೂ ಒಂದು ಗಳಿಗೆ ಹೌದೇನೋ ಅನ್ನಿಸಿತು. ನಮ್ಮ ಜನ ಹೀಗೇ ಮೋಸ ಹೋಗುವುದು. ಯಾರಾದರೂ ಏನನ್ನಾದರೂ ಬಿಟ್ಟಿದ್ದೇನೆ ಎಂದರೆ ಸಾಕು, ನಮಗೆ ಕೈ ಮುಗಿಯುವ ಆತುರ.

ಅಷ್ಟರಲ್ಲಿ ನೀರಿನ ತಂಬಿಗೆ ತುಂಬಿಸಿಕೊಂಡು ಅತ್ತೆ ಪಡಸಾಲೆಗೆ ಹೋದರು. ಪ್ರಸಂಗಿ ಗೋಡೆಯ ಕಡೆ ಮುಖ ಮಾಡಿ, ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು, ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸೂಜಿ ಬರುವ ಮುಂಚೆ ಅತ್ತೆ ವರ್ಷಗಟ್ಟಲೆ ನುಂಗಿದ್ದ ಅದೇ ಗುಳಿಗೆ, ಅದೇ ಪಟ್ಟಿ. ಊಟಕ್ಕೆ ಮುಂಚೆ ನುಂಗಬೇಕಾದದ್ದು ಮರೆತು, ನೆನಪಾದಾಗ ಅವಸರದಲ್ಲಿ ನುಂಗಿದರು ಎಂದು ಕಾಣುತ್ತದೆ. ಅತ್ತೆ ನೀರು ಕೊಟ್ಟರು.

ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು, "ಅವಗೂ ಸಕ್ಕರಿ ಐತಿ. ಗುಳಿಗಿ ನುಂಗಿದ."

ನಾನು ಕೈಯಲ್ಲಿದ್ದ ಸೌಟಿನ ಸಮೇತ ಹೊರಗೆ ಹೊರಟಿದ್ದೆ. ಅತ್ತೆ ನನ್ನ ರಟ್ಟೆ ಹಿಡಿದರು. "ಉಣ್ಣಾಕ ಬಂದವರಿಗೆ ಮನಿಯೊಳಗ ಏನೂ ಅನಬಾರದು. ಸಂಜಿತನ ತಡಕ." ಪ್ರಸಂಗಿಯ ಕಾರು ನಮ್ಮ ಬಾಗಿಲಿನಿಂದ ಹೊರಟ ಮೇಲೆ ಅತ್ತೆ ಮಂಚದ ಮೇಲೆ ಕೂತು, ಕೈ ಚಾಚಿ, "ಸೂಜಿ ತಾರವ್ವ" ಎಂದರು. ಅದನ್ನು ಕೊಡುವಾಗ ನನಗೆ ಅಳು ತಡೆಯಲಾಗಲಿಲ್ಲ. ಅವರ ಜೀವಕ್ಕೆ ನಾನು ಅಷ್ಟು ಹೆದರಿದ್ದೆ ಎಂದು ಆಗಲೇ ನನಗೆ ಗೊತ್ತಾದದ್ದು.

ಇಲ್ಲಿಂದ ಮುಂದೆ ಆ ಮನುಷ್ಯನಿಗೆ ಮರ್ಯಾದೆಯ ಮಾತು ನನ್ನಿಂದ ಸಾಧ್ಯವಿಲ್ಲ. ಸಂಜೆ ವೇದಿಕೆಯ ಮುಂದೆ ಒಂದು ಬುಟ್ಟಿ ಇಟ್ಟಿದ್ದ. ಬಿಪಿ ಗುಳಿಗೆ, ಮೂರ್ಛೆಯ ಗುಳಿಗೆ, ದಮ್ಮಿನ ಔಷಧಿ, ಒಂದೊಂದೇ ಬಂದು ಬಿದ್ದವು. ಅತ್ತೆ ಸೂಜಿಯ ಡಬ್ಬಿ ಹಿಡಿದು ಎದ್ದರು. ನಾನು ಅವರ ಮೊಣಕೈ ಹಿಡಿದು ಜೊತೆಗೆ ನಡೆದೆ. ಒಂದು ಬೆರಳಿಲ್ಲದ ಕಾಲನ್ನು ಎಳೆಯುತ್ತಾ ಬರುವ ಮುದುಕಿಯನ್ನು ಕಂಡು ಅವನಿಗೆ ಖುಷಿಯಾಗಿರಬೇಕು. "ಈ ತಾಯಿಯ ಸಾಕ್ಷಿ ಕೇಳಿ" ಎಂದು ತಾನೇ ಮೈಕನ್ನು ಅವರ ಬಾಯಿಗೆ ಹಿಡಿದ.

ಅತ್ತೆ ಡಬ್ಬಿಯನ್ನು ಎತ್ತಿ ತೋರಿಸಿದರು. "ನನ್ನ ಸೂಜಿ ಇಲ್ಲೇ ಐತ್ರಿ. ನಿಮ್ಮ ಕಿಸೆದಾಗಿನ ಸಕ್ಕರಿ ಗುಳಿಗಿ ಮೊದಲು ನೀವು ಇಡ್ರಿ. ನಿಮ್ಮ ಹಿಂದ ನಾ ಇಡ್ತೀನಿ."

ಅವನ ಸ್ಪೀಕರುಗಳೇ ಆ ಮಾತನ್ನು ರಸ್ತೆಯ ಆಚೆಗೂ ಮುಟ್ಟಿಸಿದವು. ಅವನ ಕೈ ತಾನಾಗಿಯೇ ಕಿಸೆಯ ಮೇಲೆ ಹೋಯಿತು. ಅದನ್ನು ಮುಂದಿನ ಸಾಲಿನವರೆಲ್ಲ ನೋಡಿದರು. ಮರುಗಳಿಗೆಯೇ ಮೈಕು ಕಿತ್ತುಕೊಂಡು, ಈ ತಾಯಿಯ ಬಾಯಲ್ಲಿ ದುರಾತ್ಮ ಮಾತಾಡುತ್ತಿದೆ ಎಂದು ಕೂಗಿ, ಜೋರಾಗಿ ಹಾಡು ಶುರು ಮಾಡಿಸಿದ. ಹಾಡಿನ ನಡುವೆಯೇ ನಮ್ಮೂರಿನ ಒಬ್ಬಳು ಹೆಣ್ಣುಮಗಳು ಎದ್ದು ಬಂದು, ಬುಟ್ಟಿಗೆ ಕೈ ಹಾಕಿ, ತನ್ನ ಮಗನ ಮೂರ್ಛೆಯ ಗುಳಿಗೆ ಹುಡುಕಿ ತೆಗೆದುಕೊಂಡಳು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಎಲ್ಲರೂ ಬರಲಿಲ್ಲ.

ಸಕ್ಕರೆ ಕಾಯಿಲೆ ಬಂದದ್ದು ಅವನ ತಪ್ಪಲ್ಲ. ಗುಳಿಗೆ ನುಂಗಿದ್ದೂ ತಪ್ಪಲ್ಲ, ನುಂಗಲಿ, ನೂರು ವರ್ಷ ಬಾಳಲಿ. ತಾನು ಬದುಕಲು ನುಂಗುವುದನ್ನು ನಮ್ಮ ಕೈಯಿಂದ ಕಿತ್ತುಕೊಳ್ಳಲು ಬಂದನಲ್ಲ, ಅದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಕ್ಷಮಿಸಬೇಕು ಎಂದು ಪಾಸ್ಟರ್ ಹೇಳುತ್ತಾರೆ. "ಆಗುವುದಿಲ್ಲ" ಎಂದು ಅವರ ಎದುರಿಗೇ ಹೇಳಿದ್ದೇನೆ.

ಒಂದಷ್ಟು ಮನೆಯವರು ಅವನ ಕಡೆ ಹೋದರು. ಹೆಂಗಸರನ್ನು ಹದ್ದುಬಸ್ತಿನಲ್ಲಿಡಲು ಬಾರದ ಪಾಸ್ಟರ್ ಯಾಕೆ ಬೇಕು ಎಂದು ಹಿರಿಯರಲ್ಲಿ ಒಬ್ಬರು ಸಭೆಯಲ್ಲೇ ಕೇಳಿದರು. ನಾವು ಹೆಂಗಸರು ಅವತ್ತೇ ಅವರ ಮುಂದೆಯೇ ಚೀಲಕ್ಕೆ ಜೋಳ ಸುರಿದು, "ಹೆಣ ಎತ್ತಾಕ ಬೇಕ್ರಿ, ಬಿಸಿಲೊಳಗ ನಮ್ಮ ಮನಿಗೆ ಬರಾಕ ಬೇಕ್ರಿ" ಎಂದೆವು. ಮನೆಗಳು ಕಡಿಮೆಯಾದವಲ್ಲ ಎಂದು ಉಳಿದವರು ಎರಡೆರಡು ಹಿಡಿ ಹಾಕತೊಡಗಿದೆವು. ಪಾಸ್ಟರ್ ಇಲ್ಲೇ ಇದ್ದಾರೆ, ಮೊಪೆಡ್ಡೂ ಇದೆ. ಹಲ್ಲು ಇಳಿಬಿಟ್ಟ ತೋಳದ ಚಿತ್ರವನ್ನು ನಾನು ಒಲೆಗೆ ಹಾಕಿದೆ. ಈಗ ಮಕ್ಕಳಿಗೆ, ಬೋಧಕರು ಏನನ್ನಾದರೂ ಬಿಡು ಎಂದರೆ ಅವರು ಅದನ್ನು ಬಿಟ್ಟಿದ್ದಾರೋ ನೋಡಿ ಎಂದು ಕಲಿಸುತ್ತೇನೆ. ನನ್ನನ್ನೂ ಹಾಗೇ ನೋಡಿ ಎನ್ನುತ್ತೇನೆ.

ಅತ್ತೆ ಮೊದಲೆಲ್ಲ ಒಳಕೋಣೆಯ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಳ್ಳುತ್ತಿದ್ದರು. ಈಗ ಹಬ್ಬದ ದಿನ ಸಂಜೆಯ ಆರಾಧನೆ ಮುಗಿದು ಎಲ್ಲರೂ ಕೂಡಿ ಉಣ್ಣಲು ಕೂರುವಾಗ, ಪ್ರಾರ್ಥನಾ ಮನೆಯ ನಟ್ಟನಡುವೆ, ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಸೀರೆ ಸರಿಸಿ, "ಸ್ತೋತ್ರ ಸ್ವಾಮಿ" ಎಂದು ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಾರೆ. ಮೊನ್ನೆ ಹೊಸದಾಗಿ ಬಂದ ಸೊಸೆಯೊಬ್ಬಳು ನಾಚಿ ಆಚೆ ತಿರುಗಿದಳು.

"ಮಾರಿ ಯಾಕ ತಿರುವತಿ ಯವ್ವಾ?" ಎಂದರು ಅತ್ತೆ. "ನೋಡು. ನೋಡ್ಲಿ ಅಂತನ ಇಲ್ಲಿ ಕುಂತೀನಿ."