ಹರಿವಾಣದ ನಡುವಿನ ಮಾಂಸ

ನನ್ನ ಅತ್ತೆ ತಾಮೂ, ಸಲೆ ಎಂಬ ಊರಿನ ಈ ಮನೆಯಲ್ಲಿ ಮೂವತ್ತೊಂದು ವರ್ಷಗಳಿಂದ ಪ್ರತಿ ಶುಕ್ರವಾರ ಕುಸ್ಕುಸ್ ಮಾಡುತ್ತಾ ಬಂದಿದ್ದಾರೆ. ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ, ಹಬೆಗಿಟ್ಟು, ಇಳಿಸಿ, ಮತ್ತೆ ಉಜ್ಜಬೇಕು. ಹೀಗೆ ಮೂರು ಸಲ. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಗಂಡಸರು ಮಸೀದಿಯಿಂದ ಬರುವ ಹೊತ್ತಿಗೆ ಹರಿವಾಣ ಸಿದ್ಧ. ಖಾಲಿ ಮಾಡಲು ನಮಗೆ ಇಪ್ಪತ್ತು ನಿಮಿಷ ಸಾಕು.

ಒಂದೇ ಹರಿವಾಣದ ಸುತ್ತ ಕೂತವರು ತಮ್ಮ ಮುಂದಿನ ಭಾಗವನ್ನಷ್ಟೇ ತಿನ್ನಬೇಕು. ನಡುವಿನ ಮಾಂಸವನ್ನು ಕೊನೆಯವರೆಗೂ ಯಾರೂ ಮುಟ್ಟುವಂತಿಲ್ಲ. ಆಮೇಲೆ ಅತ್ತೆ ಅದನ್ನು ಬಿಡಿಸಿ ಒಬ್ಬೊಬ್ಬರ ಮುಂದೆ ತಳ್ಳುತ್ತಾರೆ. ಮಾವ ಲರ್ಬಿಗೆ ತೊಡೆ, ನನ್ನ ಗಂಡ ಅನ್ವರನಿಗೆ ದೊಡ್ಡ ತುಂಡು, ನನಗೂ ಒಂದು. ತಮಗೆ ಮೂಳೆ. ಯಾರೂ ಇದನ್ನು ಅನ್ಯಾಯ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ, ನನ್ನ ತುಂಡು ಚೆನ್ನಾಗಿರುತ್ತಿತ್ತು.

ಸಕ್ಕರೆ ಕಾಯಿಲೆ ಬಂದದ್ದು ಅತ್ತೆಗೆ. ಎಡಗಣ್ಣು ಮಂಜಾಗತೊಡಗಿತು. ಶುಕ್ರವಾರ ಊಟವಾದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದರೆ ಇನ್ನೂರ ಎಂಬತ್ತು.

"ನೂರ ಎಂಬತ್ತರ ಒಳಗೆ ಇಳೀಬೇಕು ಲಲ್ಲಾ ತಾಮೂ," ಎಂದಳು ಚಿಕಿತ್ಸಾಲಯದ ನರ್ಸ್ ವಫಾ. "ಇಲ್ಲಾಂದ್ರೆ ಬಲಗಣ್ಣಿಗೂ ಬರುತ್ತೆ. ಬಿಳಿ ರವೆಗಿಂತ ಬಾರ್ಲಿ ರವೆ ಒಳ್ಳೇದು."

ಒಳ್ಳೆಯದನ್ನು ಹೆಚ್ಚು ತಿನ್ನಬೇಕೆಂಬುದು ನಮ್ಮ ಕಡೆಯ ನಂಬಿಕೆ. ಆ ಶುಕ್ರವಾರ ಅತ್ತೆ ಬಾರ್ಲಿ ಕುಸ್ಕುಸ್ಸನ್ನು ಎರಡರಷ್ಟು ತಿಂದರು. ಇನ್ನೂರ ತೊಂಬತ್ತು ಬಂತು.

"ಬಾರ್ಲಿನೂ ಧಾನ್ಯಾನೇ ಅಲ್ವಾ?" ವಫಾ ಹಣೆ ಒತ್ತಿಕೊಂಡಳು. "ಮೊದ್ಲು ತರಕಾರಿ, ಮಾಂಸ ತಿನ್ನಿ. ಆಮೇಲೆ ಒಂದೇ ಒಂದು ಮುಷ್ಟಿ ಕುಸ್ಕುಸ್. ತಿಂದ್ಮೇಲೆ ಹದಿನೈದು ನಿಮಿಷ ನಡೀರಿ."

"ಮಾಂಸ ಮೊದ್ಲಾ? ಮನೆಯವ್ರು ಏನಂತಾರಮ್ಮ?"

"ಕಣ್ಣು ಮನೆಯವ್ರದಾ, ನಿಮ್ದಾ?"

ಮುಂದಿನ ಶುಕ್ರವಾರ ಅತ್ತೆ ಹರಿವಾಣ ಇಟ್ಟವರೇ ಕೂತು, ನಾವು ಒಂದು ತುತ್ತು ಎತ್ತುವ ಮೊದಲೇ ಮಾಂಸ ಬಿಡಿಸತೊಡಗಿದರು.

"ಏ ತಾಮೂ, ಯಾರಾದ್ರೂ ಸತ್ರಾ?" ಎಂದರು ಮಾವ. "ಈಗ್ಲೇ ಯಾಕೆ ಹಂಚ್ತಿದ್ದೀಯ?"

"ಸಾಯಬಾರ್ದು ಅಂತ."

"ಅಮ್ಮಾ, ನನ್ ತುಂಡು ಚಿಕ್ಕದಾಯ್ತು," ಎಂದ ಅನ್ವರ್.

"ನಾಲ್ಕೂ ಒಂದೇ ಅಳತೆ ಮಗಾ. ಇಷ್ಟು ದಿನ ನಂದನ್ನೂ ನೀನೇ ತಿಂತಿದ್ದೆ."

ಅತ್ತೆ ಎಲೆಕೋಸು, ಕ್ಯಾರೆಟ್, ತಮ್ಮ ಪಾಲಿನ ಮಾಂಸ ತಿಂದರು. ಆಮೇಲೆ ಒಂದು ಮುಷ್ಟಿ ಕುಸ್ಕುಸ್. ಎದ್ದು ನಿಲುವಂಗಿ ತೊಟ್ಟರು.

"ಚಹಾ?" ಎಂದರು ಮಾವ.

"ಪುದೀನ ಕಿಟಕಿ ಹತ್ರ ಇದೆ."

"ನೀನೆಲ್ಲಿಗೆ?"

"ನಡೆಯೋಕೆ."

"ನಡ್ಕೊಂಡು ಎಲ್ಲಿಗೆ?"

"ಎಲ್ಲಿಗೂ ಇಲ್ಲ."

ಹದಿನೈದು ನಿಮಿಷಕ್ಕೆಂದು ಹೋದವರು ನಲವತ್ತು ನಿಮಿಷ ಬಿಟ್ಟು ಬಂದರು. ಹರಿವಾಣ ಇದ್ದಲ್ಲೇ ಇತ್ತು, ಕಾಳು ಒಣಗಿ ಅಂಟಿಕೊಂಡಿತ್ತು. ಪಾತ್ರೆ ತೊಳೆಯುವ ನಾರು ಎಲ್ಲಿದೆ ಎಂದು ಮಾವ ನನ್ನನ್ನು ಎರಡು ಸಲ ಕೇಳಿದ್ದರು. ಅದು ನಲ್ಲಿಯ ಕೆಳಗೆ ಮೂವತ್ತೊಂದು ವರ್ಷಗಳಿಂದ ಇದೆ.

ಊಟವಾಗಿ ಎರಡು ಗಂಟೆಯಾದಾಗ ಅತ್ತೆ ಬೆರಳು ಚುಚ್ಚಿದರು. ಅಂಕಿಯನ್ನು ನನ್ನಿಂದ ಓದಿಸಿದರು, ಆಮೇಲೆ ಬಲಗಣ್ಣಿಗೆ ಹತ್ತಿರ ಹಿಡಿದು ತಾವೇ ಓದಿದರು. ನೂರ ಅರವತ್ತನಾಲ್ಕು.

"ಸರಿಹೋಯ್ತಲ್ಲ," ಎಂದರು ಮಾವ ನಿರಾಳವಾಗಿ. "ಇನ್ನು ಬರೋ ಶುಕ್ರವಾರ ಮೊದಲಿನ ಹಾಗೇ ಮಾಡು."

"ಬರೋ ಶುಕ್ರವಾರಾನೂ ಮಾಂಸ ನಾನು ಮೊದ್ಲೇ ಹಂಚ್ತೀನಿ. ರವೆ ನೀವು ಉಜ್ಜಿ."

ಮಾವ ತಮ್ಮ ಅಂಗೈ ನೋಡಿಕೊಂಡರು. ಬೆಳಿಗ್ಗೆ ಎಂಟಕ್ಕೆ ಶುರುಮಾಡಬೇಕಾಗುತ್ತದೆ ಎಂದು ನಾನು ತಿಳಿಸಿದೆ.