ಶುಂಠಿ ಕಣದ ಸ್ಪಷ್ಟನೆ

ಶಿಕಾರಿಪುರದಲ್ಲಿ ನಾನು ನಡೆಸುವುದು ನಾಲ್ಕು ಪುಟದ ವಾರಪತ್ರಿಕೆ. ಸಂಪಾದಕ, ವರದಿಗಾರ, ಮನೆಮನೆಗೆ ಹಾಕಿ ಬರುವವನು, ಎಲ್ಲಾ ನಾನೇ. ಆಫೀಸೆಂದರೆ ಪೇಟೆಯ ಪ್ರೆಸ್ಸೊಂದರ ಮೂಲೆಯ ಮೇಜು. ಪ್ರೆಸ್ಸಿನ ಭಾಯಿ ಮದುವೆ ಕರೆಯೋಲೆಗಳ ನಡುವೆ ನನ್ನ ಪತ್ರಿಕೆಯನ್ನೂ ಅಚ್ಚು ಹಾಕಿಕೊಡುತ್ತಾರೆ. ಮೂರು ಪುಟ ಬರೀ ಶಾಲು, ಹಾರ, ಹುಟ್ಟುಹಬ್ಬದ ಶುಭಾಶಯ. ಸನ್ಮಾನ ಮಾಡಿಸಿಕೊಂಡವರೇ ಫೋಟೊ ಕಳಿಸುತ್ತಾರೆ, ಅವರೇ ಜಾಹೀರಾತು ಕೊಡುತ್ತಾರೆ. ನಮ್ಮ ಕಡೆಯ ಸಣ್ಣ ಪತ್ರಿಕೆಗಳು ಬದುಕಿರುವುದೇ ಹೀಗೆ.

ಸೊರಬದಲ್ಲಿ ನಮ್ಮಂಥವರು ಸೇರಿ ಒಂದು ವೇದಿಕೆಯನ್ನೂ ಕಟ್ಟಿಕೊಂಡಿದ್ದೇವೆ. ಸರ್ಕಾರಿ ಜಾಹೀರಾತನ್ನು ಮುಲಾಜಿನ ಮೇಲೆ ಕೊಡಬೇಡಿ, ನಿಯಮದ ಪ್ರಕಾರ ಕೊಡಿ, ಆಗ ಯಾರ ಹಂಗೂ ಇಲ್ಲದೆ ಬರೆಯುತ್ತೇವೆ ಎಂದು ತಹಶೀಲ್ದಾರರಿಗೆ ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಮನವಿ ಕೊಟ್ಟ ಫೋಟೊವನ್ನೂ ನಾವೇ ಹಾಕಿಕೊಳ್ಳುತ್ತೇವೆ, ನಾಚಿಕೆಗೆಟ್ಟವರು.

ಉಳಿದ ಒಂದು ಪುಟವನ್ನು ಕೂಲಿಯವರ ಸುದ್ದಿಗೆಂದು ಇಟ್ಟುಕೊಂಡಿದ್ದೆ. ಹಟ ಅನ್ನಿ, ಹುಚ್ಚು ಅನ್ನಿ. ಹೋದ ಬೇಸಿಗೆಯಲ್ಲಿ ಸೊರಬ ರಸ್ತೆಯ ಒಂದು ಶುಂಠಿ ಕಣಕ್ಕೆ ಹೋದೆ. ಹಸಿ ಶುಂಠಿಯ ಸಿಪ್ಪೆ ಹೆರೆದು, ಸುಣ್ಣದ ನೀರಿಗೆ ಹಾಕಿ ಒಣಗಿಸುವ ಜಾಗ ಅದು. ಉಡುತಡಿ ಕಡೆಯ ಹೆಂಗಸರು ಮಾಲೀಕನ ಗೂಡ್ಸ್ ಗಾಡಿಯಲ್ಲಿ ಬಂದು ದಿನವಿಡೀ ಹೆರೆಯುತ್ತಿದ್ದರು. ಅವರಲ್ಲಿ ಹಿರಿಯರಾದ ಅಕ್ಕ ಒಬ್ಬರು ಕೈ ಚಾಚಿ ತೋರಿಸಿದರು. ಬೆರಳುಗಳ ಚರ್ಮ ಸುಲಿದು ಕೆಂಪಗಾಗಿತ್ತು. ಸಾರು ಅನ್ನ ಕಲಸಿದರೆ ಉರಿ ತಡೆಯಲಾಗದೆ ಚಮಚದಲ್ಲಿ ತಿನ್ನುತ್ತೇನೆ, ಮೊಮ್ಮಗಳು ಪ್ಯಾಟಿ ಅಜ್ಜಿ ಎಂದು ಆಡಿಕೊಳ್ಳುತ್ತಾಳೆ ಎಂದು ನಕ್ಕರು. ಗ್ಲೌಸ್ ಕೊಟ್ಟರೆ ಸಾಕಿತ್ತು ಎಂದರು. ಪೇಪರಿಗೆ ಹಾಕುತ್ತೇನೆ ಎಂದಾಗ ಹಿಗ್ಗಿಹೋದರು. ಹೆಸರು ಬರೆಯಲಿಲ್ಲ, ಮುಖ ತೋರಿಸಲಿಲ್ಲ. ಕೈಗಳ ಫೋಟೊ ಮಾತ್ರ ಹಾಕಿ, ಈ ಕಣದಲ್ಲಿ ಗ್ಲೌಸೂ ಇಲ್ಲ, ನೆರಳೂ ಇಲ್ಲ ಎಂದು ಬರೆದೆ.

ವಾರ ಕಳೆದು ಅಕ್ಕ ಪ್ರೆಸ್ಸಿಗೆ ಬಂದರು. ಮುಖ ಬಾಡಿತ್ತು. ನಡೆದದ್ದನ್ನು ಕೇಳಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆ ಹೆಂಗಸರಿಗೆ ಓದಲು ಬಾರದು. ಪೇಪರಿನಲ್ಲಿ ಫೋಟೊ ಬಂದರೆ ಅದು ಸನ್ಮಾನವೇ ಎಂದು ತಿಳಿದಿದ್ದರು. ಇನ್ನೇನು ತಿಳಿಯಬೇಕಿತ್ತು? ಇಷ್ಟು ವರ್ಷ ನಾವು ತೋರಿಸಿದ್ದಾದರೂ ಏನು? ತಮ್ಮ ಕಣ ಪೇಪರಿನಲ್ಲಿ ಬಂದಿದೆ, ಮಾಲೀಕರಿಗೂ ಖುಷಿಯಾಗುತ್ತದೆ, ಅದೇ ಖುಷಿಯಲ್ಲಿ ಗ್ಲೌಸ್ ಕೊಡಿಸುತ್ತಾರೆ ಎಂದುಕೊಂಡು ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣಿನ ಜೊತೆ ನನ್ನ ಪತ್ರಿಕೆ ಇಟ್ಟು ತಾವೇ ಮಾಲೀಕನ ಕೈಗೆ ಕೊಟ್ಟಿದ್ದರು. ಅವನು ಬಾಳೆಹಣ್ಣು ತಿನ್ನುತ್ತಾ ಪೂರ್ತಿ ಓದಿದನಂತೆ. ಮರುದಿನದಿಂದ ಅವರ ಊರಿಗೆ ಗಾಡಿ ಬರಲಿಲ್ಲ.

"ಬರ್ದಿದ್ದು ಸುಳ್ಳು ಅಂತ ಹಾಕಿದ್ರೆ ಗಾಡಿ ಕಳಸ್ತಾರಂತೆ, ಅಣ್ಣಾರೆ," ಎಂದರು ಅಕ್ಕ. "ಒಂದ್ ನಾಕ್ ಸಾಲು ಹಾಕ್ರಿ. ಊರಾಗೆ ಎಲ್ರೂ ನನ್ನನ್ನೇ ಬೈತಾ ಇದಾರೆ."

ಕಾರ್ಮಿಕ ಇಲಾಖೆಗೆ ಹೋಗೋಣ, ನಾನೂ ಜೊತೆಗೆ ಬರುತ್ತೇನೆ ಎಂದೆ. ಅಲ್ಲಿಗೆ ಹೋದರೆ ಗಾಡಿ ಬರುತ್ತದಾ ಎಂದು ಕೇಳಿದರು. ಸೊರಬದ ವೇದಿಕೆಯ ಅಧ್ಯಕ್ಷರಿಗೆ ಫೋನ್ ಮಾಡಿದೆ. ಮೈಕ್ ಸಿಕ್ಕರೆ ಪತ್ರಿಕಾ ಸ್ವಾತಂತ್ರ್ಯ ಎಂದು ಮೇಜು ಗುದ್ದುವ ಮನುಷ್ಯ. ಒಂದು ಸ್ಪಷ್ಟನೆ ಹಾಕಿ ಕೈ ತೊಳೆದುಕೊಳ್ಳಿ, ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದರು. ಬೈಯಬೇಕೆನಿಸಿತು. ಬೈದು ಏನು ಮಾಡಲಿ, ಎದುರಿಗೆ ಆ ಹೆಂಗಸು ಕೆಲಸವಿಲ್ಲದೆ ಕೂತಿದ್ದರು. ಸ್ಪಷ್ಟನೆ ಬರೆದೆ. ನನ್ನ ಕೈಯಾರೆ ಬರೆದೆ.

ಪತ್ರಿಕೆ ಬಂದ ದಿನ ಅಕ್ಕ ಮತ್ತೆ ಬಂದರು. ಈ ಸಲ ಓದಿಸಿಕೊಳ್ಳದೆ ಒಯ್ಯುವುದಿಲ್ಲ ಎಂದು ಮೇಜಿನ ಮುಂದೆ ನಿಂತರು. ಭಾಯಿ ಮಷಿನ್ ಆಫ್ ಮಾಡಿ ಆಚೆ ಮುಖ ತಿರುಗಿಸಿಕೊಂಡರು. ಕಣದಲ್ಲಿ ಕೆಲಸಗಾರರಿಗೆ ಯಾವ ತೊಂದರೆಯೂ ಇಲ್ಲ, ಶುಂಠಿ ಹೆರೆಯುವುದರಿಂದ ಕೈ ಉರಿಯುವುದಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ ಎಂದು ಓದಿದೆ. ಅಕ್ಕ ಒಂದೊಂದು ಮಾತಿಗೂ ತಲೆಯಾಡಿಸುತ್ತಾ ಕೇಳಿಸಿಕೊಂಡರು. ಮುಗಿದ ಮೇಲೆ ಪತ್ರಿಕೆಯನ್ನು ಜೋಪಾನವಾಗಿ ಮಡಚಿಕೊಂಡರು.

"ಇದು ಚಲೋ ಬರ್ದೀರಿ ನೋಡ್ರಿ," ಎಂದರು. "ಹೋದ್ಸಲಾನೇ ಹಿಂಗೆ ಬರೀಬಾರ್ದಿತ್ತಾ, ಅಣ್ಣಾರೆ?"