ಚೌಡಮ್ಮನ ಮುಖದ ಅರಿಶಿನ

ನನ್ನ ಜುಬ್ಬದ ಬಲಗಡೆಯ ಜೇಬು ಎಡಗಡೆಯದಕ್ಕಿಂತ ಎರಡು ಬೆರಳಷ್ಟು ಕೆಳಗೆ ಜೋತುಬಿದ್ದಿರುವುದನ್ನು ನೋಡಿ ನಗದವರು ಕೊಳ್ಳೇಗಾಲದಲ್ಲಿ ಇಲ್ಲ. ಅದರೊಳಗೆ ದುಡ್ಡಿದೆಯೆಂದು ಯಾರೂ ತಪ್ಪು ತಿಳಿದಿಲ್ಲ, ಡ್ರಾಯಿಂಗ್ ಮೇಷ್ಟರ ಸಂಬಳ ಊರಿಗೇ ಗೊತ್ತು. ಇರುವುದು ಒಂದು ಪುಸ್ತಕ, ಓದುವುದಲ್ಲ, ಗೀಚುವುದು. ಪರೀಕ್ಷೆ ಮುಗಿದ ಮೇಲೆ ಉಳಿದ ಖಾಲಿ ಹಾಳೆ, ಸೀರೆ ಸುತ್ತಿ ಬಂದ ಕಂದು ಕಾಗದ, ಯಾರದೋ ಲಗ್ನಪತ್ರಿಕೆಯ ಬೆನ್ನು, ಹೀಗೆ ಕುಲಗೋತ್ರ ಬೇರೆಬೇರೆಯಾದ ಕಾಗದಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ, ನೇಯ್ಗೆಯವರ ಬೀದಿಯಲ್ಲಿ ಬಿದ್ದಿರುವ ರೇಷ್ಮೆಯ ಎಳೆಯಿಂದ ನಾನೇ ಹೊಲಿದದ್ದು. ನಯವಾದ ಹಾಳೆ ಪೆನ್ಸಿಲನ್ನು ಜಾರಿಸುತ್ತದೆ, ಒರಟು ಹಾಳೆ ಬಣ್ಣವನ್ನು ಕುಡಿದುಬಿಡುತ್ತದೆ. ಯಾವುದರ ಮೇಲೆ ಏನು ಬರೆದರೆ ಕೂರುತ್ತದೆಂದು ತಿಳಿಯುವಷ್ಟರಲ್ಲಿ ಪುಸ್ತಕವೇ ಮುಗಿದಿರುತ್ತದೆ.

ಈ ಚಾಳಿಯಿಂದ ಪಟ್ಟ ಪಾಡು ಒಂದೆರಡಲ್ಲ. ಯುದ್ಧದ ವರ್ಷಗಳಲ್ಲಿ ಒಮ್ಮೆ ಹನೂರಿನ ಸಂತೆಯಲ್ಲಿ, ರಾಗಿಯ ಮೂಟೆಗೆ ಒರಗಿ ಎಲೆಯಡಿಕೆ ಮೆಲ್ಲುತ್ತಿದ್ದ ಹೆಂಗಸಿನ ಕುಳಿತ ಭಂಗಿ ಬಲು ಚೆಂದವಿತ್ತೆಂದು ಪುಸ್ತಕ ತೆಗೆದೆ ನೋಡಿ, ಆಕೆ ಪಕ್ಕದವಳ ತೊಡೆಗೆ ತಿವಿದು, “ಮುಚ್ಚಮ್ಮಿ, ಬೇಗ ಮುಚ್ಚು! ರಾಗಿ ಬರ್ಕೊಂಡು ಓಗಾಕೆ ಬಂದವ್ನೆ!” ಎಂದಳು. ನಾನು ಸರ್ಕಾರದ ಧಾನ್ಯ ವಸೂಲಿಯವನಲ್ಲ, ಚಿತ್ರ ಬರೆಯುವವನು ಎಂದು ಹೇಳಿದ್ದಕ್ಕೆ, “ಚಿತ್ರ ಬರ್ಕೊಂಡು ಹೊಟ್ಟೆಗೇನ್ ತಿಂತೀಯಪ್ಪ?” ಎಂದು ಕೇಳಿ ಎರಡು ಎಲೆ ಕೊಟ್ಟಳು. ಮರ್ಯಾದೆಯಾಗಿ ಮೆದ್ದುಕೊಂಡು ಬಂದೆ.

ಅದೇ ಕಾಲದಲ್ಲಿ ನನ್ನ ಬಣ್ಣದ ಪೆಟ್ಟಿಗೆ ಬರಿದಾಯಿತು. ಹಡಗಿನಲ್ಲಿ ಸೀಮೆಯಿಂದ ಬರುತ್ತಿದ್ದ ಬಣ್ಣದ ಬಿಲ್ಲೆಗಳು ಯುದ್ಧದಿಂದಾಗಿ ನಿಂತೇಹೋದವು. ಮೊದಲು ಖಾಲಿಯಾದದ್ದು ಹಳದಿ, ಏಕೆಂದರೆ ಅದರ ಮೇಲೆ ನನಗೆ ಮೊದಲಿನಿಂದಲೂ ವ್ಯಾಮೋಹ. ಸರಿ, ನಮ್ಮ ನೆಲದಲ್ಲಿಲ್ಲದ ಬಣ್ಣ ಯಾವುದಿದೆ ಎಂದು ಹುರುಪು ಹತ್ತಿತು. ಹನೂರಿನ ದಾರಿಯ ಕೆಮ್ಮಣ್ಣನ್ನು ಸೋಸಿ ಕೆಂಪು ಮಾಡಿದೆ, ದೀಪದ ಕಾಡಿಗೆಯಿಂದ ಕಪ್ಪು, ರೇಷ್ಮೆಗೆ ಬಣ್ಣ ಹಾಕುವವರ ಹಂಡೆಯ ತಳದಿಂದ ನೀಲಿ. ಎಲ್ಲಕ್ಕೂ ಬೇಲದ ಮರದ ಅಂಟು. ಹಳದಿಗೆ ಅರಿಶಿನವಿದ್ದೇ ಇತ್ತು. ಅದನ್ನು ತಿಳಿ ಮಾಡಬೇಕೆಂದು ಒಂದು ದಿನ ಸುಣ್ಣದ ತಿಳಿ ಬೆರೆಸಿದೆ. ಅಯ್ಯೋ ರಾಮ, ಕಣ್ಣೆದುರಿಗೇ ಹಳದಿಯೆಲ್ಲ ರಕ್ತಗೆಂಪಾಯಿತು! ಇದೇನೋ ಮಹಾ ಶೋಧವೆಂದು ಬಟ್ಟಲು ಹಿಡಿದು ಅಡುಗೆಮನೆಗೆ ಓಡಿದರೆ ನನ್ನ ಹೆಂಡತಿ ತಿರುಗಿಯೂ ನೋಡದೆ, “ಆರತಿ ನೀರು ಎಂಗಾಯ್ತದೆ ಅಂತ ಈ ವಯಸ್ಸಿಗೆ ಗೊತ್ತಾಯ್ತಾ? ಸಾರಿನ ಡಬ್ಬಿಗೆ ಕೈ ಆಕ್ಬೇಡಿ ಅಂದಿದ್ದೆ” ಎಂದಳು. ಮನೆಮನೆಯ ಹೆಂಗಸರಿಗೆ ಗೊತ್ತಿರುವುದನ್ನು ಕಂಡುಹಿಡಿಯುವುದಕ್ಕೆ ನಾನು ಮದರಾಸಿಗೆ ಹೋಗಿ ಚಿತ್ರಕಲೆಯ ಪರೀಕ್ಷೆ ಪಾಸು ಮಾಡಿಕೊಂಡು ಬಂದಿದ್ದೆ.

ಮಾಡಿದ ಬಣ್ಣವನ್ನೆಲ್ಲ ಪುಸ್ತಕದಲ್ಲಿ ಸಣ್ಣ ಚೌಕಗಳಾಗಿ ಬಳಿದು, ಕೆಳಗೆ ಎಲ್ಲಿಯದು, ಹೇಗೆ ಮಾಡಿದ್ದು ಎಂದು ಬರೆದಿಡುತ್ತಿದ್ದೆ. ತಿಂಗಳು ಕಳೆದು ತೆರೆದರೂ ಅರಿಶಿನದ ಚೌಕ ಬಳಿದ ದಿನದಂತೆಯೇ ಥಳಥಳ ಎನ್ನುತ್ತಿತ್ತು. ಸೀಮೆಯವರಿಗಿಂತ ನಾನೇನು ಕಡಿಮೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಇಂಥ ದಿನಗಳಲ್ಲೇ ನಂಜಪ್ಪ ಬಂದ. ನೇಯ್ಗೆಯವರ ಬೀದಿಯ ನಂಜಪ್ಪ, ರೇಷ್ಮೆ ಸೀರೆ ನೇಯುವವನು. ಹೆಂಡತಿ ಚೌಡಮ್ಮ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು ರಾಜಮ್ಮ, ಅವಳಿಗೆ ಯಳಂದೂರಿಗೆ ಮದುವೆ ಗೊತ್ತಾಗಿತ್ತು. ಅವನು ಜಗಲಿಯ ಅಂಚಿನಲ್ಲಿ ಕುಳಿತು ಬಹಳ ಹೊತ್ತು ಮಗ್ಗದ ಮಾತು, ಮಳೆಯ ಮಾತು ಆಡಿ ಕೊನೆಗೆ ಹೇಳಿದ: “ಅವ್ವನ ಕಾಲಿಗೆ ಬೀಳ್ದೆ ಮನೆ ಬಿಟ್ಟು ಓಗಕಿಲ್ಲ ಅಂತ ಕುಂತವ್ಳೆ ಸಾ. ಇಲ್ದೋಳ ಕಾಲು ಎಲ್ಲಿಂದ ತರ್ಲಿ? ಫೋಟೋ ಅಂತ ಒಂದು ಇಲ್ಲ. ನೀವು ಅವಳನ್ನ ಒಂದಿನ ಬರ್ಕೊಂಡಿದ್ರಲ್ಲ...”

ಬರೆದುಕೊಂಡಿದ್ದು ನಿಜ. ಪುಸ್ತಕ ತಿರುವಿದಾಗ ಒಂದು ಕಂದು ಹಾಳೆಯ ಮೇಲೆ ಚೌಡಮ್ಮ ರಾಟೆಯ ಮುಂದೆ ಕುಳಿತಿದ್ದಳು. ಅಂದು ನನಗೆ ಬೇಕಾಗಿದ್ದದ್ದು ನೂಲು ಹಿಡಿದ ಆಕೆಯ ಕೈ. ಮುಖವನ್ನು ಏಳೆಂಟು ಗೆರೆಯಲ್ಲಿ ಮುಗಿಸಿಬಿಟ್ಟಿದ್ದೆ. ಈ ಲೋಕದಲ್ಲಿ ಉಳಿದಿದ್ದ ಚೌಡಮ್ಮನ ಮುಖವೆಂದರೆ ಆ ಏಳೆಂಟು ಗೆರೆ. ಅಷ್ಟರಲ್ಲೇ ಮೂಗಿನ ತುದಿ ಮಾತ್ರ ಸರಿಯಾಗಿ ಬಂದಿತ್ತು, ಅದನ್ನು ಕಂಡು ನಂಜಪ್ಪ ತಲೆ ತಗ್ಗಿಸಿದ. ಆಮೇಲೆ ಒಂದೇ ಒಂದು ಷರತ್ತು ಹಾಕಿದ: “ಅರಿಶಿನ ಅಚ್ಚಿರೋ ಮೊಕ ಬರೀರಿ ಸಾ. ಅದಿಲ್ದೆ ಅವಳ ಮೊಕ ನಾನು ಒಂದಿನಾನೂ ನೋಡಿಲ್ಲ.”

ಹದಿನೈದು ದಿನ ಆ ಏಳೆಂಟು ಗೆರೆಗಳೊಡನೆ ಗುದ್ದಾಡಿದೆ. ಅಪ್ಪನನ್ನು ಕೇಳಿದರೆ ಹಣೆ ಅಗಲ ಎನ್ನುವನು, ಮಗಳನ್ನು ಕೇಳಿದರೆ ಅಷ್ಟೇನೂ ಇರಲಿಲ್ಲ ಎನ್ನುವಳು. ಎಂಟು ಹಾಳೆ ಹರಿದುಹಾಕಿ ಒಂಬತ್ತನೆಯದರಲ್ಲಿ, ಹೇಗೋ ಏನೋ, ಚೌಡಮ್ಮ ಬಂದು ಕೂತಳು. ಸಾರಿನ ಡಬ್ಬಿಯ ಪುಡಿ ಬೇಡವೆಂದು ನನ್ನ ಹೆಂಡತಿಯೇ ಒಳ್ಳೆಯ ಕೊಂಬೊಂದನ್ನು ಕಲ್ಲಿನ ಮೇಲೆ ತೇಯ್ದು ಕೊಟ್ಟಳು. ಕೆನ್ನೆಗೆ ಬಳಿಯುತ್ತಿದ್ದಂತೆ ಮುಖಕ್ಕೆ ಬಂದ ಕಳೆಯನ್ನು ಈಗ ನೆನೆದರೂ ಕೈ ಜುಮ್ಮೆನ್ನುತ್ತದೆ. ಯುದ್ಧದಿಂದ ಗಾಜಿಗೂ ಬರ, ಹಾಗಾಗಿ ಗಾಜಿಲ್ಲದೆ ಬರಿಯ ಹಲಗೆಗೆ ಅಂಟಿಸಿ ಚೌಕಟ್ಟು ಹಾಕಿಸಿದೆವು. ಮದುವೆಯ ಬೆಳಗ್ಗೆ ರಾಜಮ್ಮ ಅದರ ಮುಂದೆ ಬಾಗಿದವಳು ಬೇಗ ಏಳಲಿಲ್ಲ. ನಂಜಪ್ಪ ಕಂಬ ಹಿಡಿದು ಗಂಡಸೆನ್ನುವುದನ್ನೂ ಮರೆತು ಅತ್ತ. ಗಾಡಿ ಹೊರಟಾಗ ಚಿತ್ರ ಅವಳ ಮಡಿಲಲ್ಲಿಯೇ ಇತ್ತು.

ಇಲ್ಲಿಗೆ ಕಥೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅದೇ ಅರಿಶಿನದಿಂದ ನಮ್ಮ ಶಾಲೆಯ ಗೋಡೆಗೆ ಒಂದು ಚೆಂಡುಹೂವಿನ ಚಿತ್ರ ಬರೆದು ಕಿಟಕಿಯ ಬಳಿ ತೂಗುಹಾಕಿದ್ದೆ. ಬೇಸಗೆಯ ರಜೆ ಮುಗಿಸಿ ಬಾಗಿಲು ತೆರೆದರೆ ಎಲೆಗಳೆಲ್ಲ ಇವೆ, ಹೂವಿಲ್ಲ! ಹೂವಿದ್ದ ಕಡೆ ಬಿಳಿಚಿಕೊಂಡ ಕಾಗದ ಅಷ್ಟೆ. ಕೂಡಲೇ ಜೇಬಿನಿಂದ ಪುಸ್ತಕ ತೆಗೆದು ನೋಡಿದೆ, ಅಲ್ಲಿ ಅರಿಶಿನ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಹೊಳೆಯದೆ ಇನ್ನೇನು, ಅದು ಬಿಸಿಲನ್ನೇ ಕಂಡಿರಲಿಲ್ಲ. ಮುಚ್ಚಿದ ಪುಸ್ತಕದಲ್ಲಿ ಬಣ್ಣದ ಯೋಗ್ಯತೆ ನೋಡಿ ತೀರ್ಪು ಕೊಟ್ಟ ಪಂಡಿತ ನಾನು. ನೀವೇ ಹೇಳಿ, ಮನೆಯ ಕದ ಹಾಕಿಕೊಂಡು ಕೂತು ನಮ್ಮ ಗುಣ ನಾವೇ ಮೆಚ್ಚಿಕೊಳ್ಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಎದೆ ಧಸಕ್ಕೆಂದದ್ದು ಚೆಂಡುಹೂವಿಗಲ್ಲ. ಯಳಂದೂರಿನ ಗೋಡೆಯ ಮೇಲೆ ಚೌಡಮ್ಮನ ಕೆನ್ನೆಯೂ ಹೀಗೆಯೇ ಬಿಳಿಚಿಕೊಂಡಿರಬೇಕು. ಮುತ್ತೈದೆಯಾಗಿ ಹೋದವಳು, ಗಂಡ ಒಂದು ದಿನವೂ ಅರಿಶಿನವಿಲ್ಲದೆ ಕಾಣದ ಮುಖ. ಅದನ್ನು ಬೋಳು ಮಾಡಿ ಮಗಳ ಹೊಸ ಸಂಸಾರದ ಗೋಡೆಗೆ ನೇತುಹಾಕಿದವನು ನಾನು. ಅತ್ತೆಯ ಮನೆಯವರು ಏನೆಂದುಕೊಂಡರೋ, ಆ ಹುಡುಗಿ ಯಾರ ಮುಂದೆ ಅತ್ತಳೋ! ನಾಚಿಕೆಯಿಂದ ನಂಜಪ್ಪನ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟು ಶಾಲೆಗೆ ಸುತ್ತುಹಾಕಿಕೊಂಡು ಹೋಗತೊಡಗಿದೆ. ಮೂರು ತಿಂಗಳು ಹೀಗೆ ಹೇಡಿಯಾಗಿದ್ದೆ, ಸುಳ್ಳೇಕೆ ಹೇಳಲಿ.

ಕೊನೆಗೆ ಮೈಸೂರಿನ ಅಂಗಡಿಯೊಂದರಲ್ಲಿ ಯಾವುದೋ ಹಳೆಯ ದಾಸ್ತಾನಿನ ಸೀಮೆ ಹಳದಿ ಒಂದು ಟ್ಯೂಬು ಸಿಕ್ಕಿತು; ಬಿಸಿಲಿಗೆ ಜಗ್ಗದ ಬಣ್ಣ. ಅದನ್ನೂ ಎರಡು ಕುಂಚವನ್ನೂ ಪಂಚೆಯ ಗಂಟಿನಲ್ಲಿಟ್ಟುಕೊಂಡು ಪೆಟ್ರೋಲಿನ ಬರದಿಂದ ಇದ್ದಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿದೆ. ಆಗ ನಾವು ಮದರಾಸಿನ ಆಡಳಿತದವರು, ಯಳಂದೂರು ಮೈಸೂರಿನ ಮಹಾರಾಜರದು. ಗಡಿ ದಾಟಿದ್ದು ಮಾತ್ರ ಬಸ್ಸಿಗೂ ಗೊತ್ತಾಗಲಿಲ್ಲ, ಮಾಂಬಳ್ಳಿಯ ಗದ್ದೆಗಳಿಗೂ ಗೊತ್ತಿದ್ದಂತಿರಲಿಲ್ಲ. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ನೀಲಿಯನ್ನು ಕಂಡರೂ ಆ ದಿನ ನನ್ನ ಕೈ ಜೇಬಿನ ಕಡೆ ಹೋಗಲಿಲ್ಲ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆ.

ರಾಜಮ್ಮ, “ಬನ್ನಿ ಮೇಷ್ಟ್ರೇ, ಒಳಕ್ ಬನ್ನಿ” ಎಂದು ಚಾಪೆ ಹಾಸಿದಳು. ತಲೆಯೆತ್ತಲು ಧೈರ್ಯ ಸಾಲದು. ಎತ್ತಿದೆ. ಬಾಗಿಲಿಗೆ ನೇರವಾಗಿ, ಇಡೀ ಬೆಳಗಿನ ಬಿಸಿಲು ಬೀಳುವ ಗೋಡೆಯ ಮೇಲೆ ಚೌಡಮ್ಮನಿದ್ದಳು, ಮುಖದ ತುಂಬ ಅರಿಶಿನ! ನಾನು ಬಳಿದದ್ದಕ್ಕಿಂತ ಗಾಢವಾಗಿ, ದಪ್ಪವಾಗಿ. ಹತ್ತಿರ ಹೋಗಿ ನೋಡಿದರೆ ಕೆನ್ನೆಯ ನೆರಳು ಕಾಣೆಯಾಗಿತ್ತು, ನಾನು ಹೆಮ್ಮೆಪಟ್ಟ ಮೂಗಿನ ತುದಿ ಮಾಸಿತ್ತು, ಹುಬ್ಬೊಂದು ಅರ್ಧ ಅಳಿಸಿಹೋಗಿತ್ತು. ಬೆರಳ ಗುರುತುಗಳು ಸ್ಪಷ್ಟವಾಗಿದ್ದವು.

“ಬಣ್ಣ ಓಯ್ತಿತ್ತು ಮೇಷ್ಟ್ರೇ” ಎಂದಳು ರಾಜಮ್ಮ, ತಪ್ಪು ಮಾಡಿದವಳು ತಾನೇ ಎಂಬಂತೆ. “ಮೊದ್ಲು ಎದ್ರಿಕೆ ಆಯ್ತು. ಆಮೇಲೆ ಅನ್ನುಸ್ತು, ಅವ್ವ ಇದ್ದಾಗ್ಲೂ ಒಂದ್ಸಾರಿ ಅಚ್ಕೊಂಡಿದ್ದು ಇದ್ಬುಡ್ತಿತ್ತಾ? ದಿನಾ ಅಚ್ಕೋತಿದ್ಲು. ನಾನು ಶುಕ್ರವಾರ ಶುಕ್ರವಾರ ತಲೆಗೆ ನೀರಾಕ್ಕೊಂಡು, ನನ್ ಮೊಕಕ್ಕೆ ಅಚ್ಚೋ ಮುಂಚೆ ಅವ್ವನಿಗೆ ಅಚ್ತೀನಿ. ನಿಮ್ ಗೆರೆ ಒಂಚೂರು ಅಳಿಸ್ಬುಟ್ಟಿವ್ನಿ, ಬೇಜಾರ್ ಮಾಡ್ಕೋಬೇಡಿ.”

ಬಾಯಿಪಾಠ ಮಾಡಿದ ಮಾತೊಂದೂ ನೆನಪಿಗೆ ಬರಲಿಲ್ಲ. ಗಂಟು ಬಿಚ್ಚಿ ಟ್ಯೂಬು ತೆಗೆದು ಅವಳ ಮುಂದಿಟ್ಟು, ತಪ್ಪು ನನ್ನದಮ್ಮಾ, ಇದು ಸೀಮೆಯ ಬಣ್ಣ, ಒಂದು ಸಲ ಬಳಿದರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ, ಈಗಲೇ ಸರಿಮಾಡಿ ಕೊಡುತ್ತೇನೆ ಎಂದೆ.

ಅವಳು ಟ್ಯೂಬನ್ನು ಕೈಗೆತ್ತಿಕೊಂಡು ತಿರುಗಾಮುರುಗಾ ಮಾಡಿ ನೋಡಿದಳು. ಒಮ್ಮೆ ಅವ್ವನ ಕಡೆ ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ನನ್ನ ಕೈಯಲ್ಲೇ ಇಟ್ಟಳು.

“ಬ್ಯಾಡಿ ಮೇಷ್ಟ್ರೇ. ಓಗದೇ ಇಲ್ಲ ಅಂದ್ರೆ, ಶುಕ್ರವಾರ ನಾನೇನ್ ಮಾಡ್ಲಿ?”